ಹೊರಗಿಟ್ಟ ಪವರ್ ಸಪ್ಲೈ

ಗ್ರಾಫಿಕ್ಸ್ ಕಾರ್ಡು ಸುಟ್ಟುಹೋಗಿತ್ತು. ಅಂಚಿನಲ್ಲಿ ಕಪ್ಪು ಕಲೆ. ತಂತಿ ಸಿಕ್ಕಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕರಗಿ ಮುದ್ದೆಯಾಗಿತ್ತು. ನೆವೆಂಕಾ ಅದನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು.

ಮೇಲಿನ ಮನೆಯ ವುಕೋಸಾವಾ ಬಂದದ್ದು ಕಾಫಿಗೆ. ನೀಶ್ ಊರಿನ ಠಾಣೆಯಲ್ಲಿ ಆಕೆ ಇನ್ಸ್‌ಪೆಕ್ಟರ್. ರಜೆಯ ದಿನ ಮನೆ ಚಪ್ಪಲಿಯಲ್ಲೇ ಒಂದು ಮಹಡಿ ಇಳಿದು ನೆವೆಂಕಾಳ ಮನೆಯ ಕಾಫಿ ಕುಡಿಯದಿದ್ದರೆ ಆಕೆಗೆ ಬೆಳಗಾದಂತೆ ಅನಿಸುತ್ತಿರಲಿಲ್ಲ. ಇವತ್ತು ಕಾಫಿಯ ಸುಳಿವೇ ಇರಲಿಲ್ಲ.

"ಏನಾಯ್ತೇ?"

"ನನ್ನ ಸಿನಿಮಾ ಹೋಯ್ತು ಅಕ್ಕ. ಸಂಜೆಯೊಳಗೆ ಉತ್ಸವಕ್ಕೆ ಕಳಿಸ್ಬೇಕಿತ್ತು. ಕೊನೇ ದೃಶ್ಯ ಒಂದು ಬಾಕಿ. ಈ ಕಾರ್ಡಿಲ್ದೆ ಕಂಪ್ಯೂಟರ್ ಅದನ್ನ ಮೂಡಿಸೋದು ಒಂದು ವಾರ ಆದ್ರೂ ಮುಗಿಯಲ್ಲ."

ಅದು ಬಟ್ಟೆಗೊಂಬೆಗಳ ಕಾರ್ಟೂನ್ ಚಿತ್ರ. ನೆವೆಂಕಾ ಅದಕ್ಕಾಗಿ ಇದ್ದ ಕೆಲಸ ಬಿಟ್ಟಿದ್ದಳು, ಮನೆಯ ಮುಂದಿನ ಕೋಣೆಯನ್ನೇ ಸ್ಟುಡಿಯೋ ಮಾಡಿದ್ದಳು. ಅಲ್ಲಿ ಮೂವರ ದುಡಿಮೆ. ಗೊಂಬೆ ನೆವೆಂಕಾಳದು. ಹಿನ್ನೆಲೆಯ ಚಿತ್ರಗಳು ದ್ರಾಗೊಸ್ಲಾವ್‌ನವು. ಯಂತ್ರಗಳ ಉಸಾಬರಿ ಉಗ್ಲೆಶಾನದು. ಅವನು ಈಗ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ.

"ಅವನ್ಯಾಕೆ ಹೊರಗೆ?"

"ನಾನೇ ಅಟ್ಟಿದೆ. ಅವನ ತಂತಿ ಆಟದಿಂದಲೇ ಇಷ್ಟೆಲ್ಲ ಆಗಿದ್ದು," ಎಂದಳು ನೆವೆಂಕಾ. ಆಮೇಲೆ ಮುಖ ತಿರುಗಿಸಿದಳು. ಹತ್ತು ವರ್ಷದ ಗೆಳೆಯನನ್ನು ಬಾಗಿಲಿಂದ ಅಟ್ಟಿದ ಸಂಕಟ ಅವಳ ದನಿಯಲ್ಲೇ ಇತ್ತು.

ತಂತಿ ಆಟ ಮೇಜಿನ ಪಕ್ಕದಲ್ಲೇ ಇತ್ತು. ಕಂಪ್ಯೂಟರಿನ ಹೊರಗೆ, ಬೋರಲು ಹಾಕಿದ ಸೇಬಿನ ಪೆಟ್ಟಿಗೆಯ ಮೇಲೆ, ಹಳೆಯದೊಂದು ಪವರ್ ಸಪ್ಲೈ, ಕರೆಂಟು ಒದಗಿಸುವ ಡಬ್ಬ. ಅದರಿಂದ ಹೊರಟ ತಂತಿಗಳು ಕಂಪ್ಯೂಟರಿನ ಹೊಟ್ಟೆಯೊಳಗೆ ಹೋಗಿದ್ದವು.

ಕಿಟಕಿಯ ಬಳಿ ನಿಂತಿದ್ದ ದ್ರಾಗೊಸ್ಲಾವ್ ಮೆಲ್ಲಗೆ ಹೇಳಿದ. "ನೆವೆಂಕಾ ಸಂತೆಗೆ ಹೋಗಿದ್ಲು. ಟೈಮ್ ಉಳೀಲಿ ಅಂತ ನಾನೇ ಕಂಪ್ಯೂಟರ್ ಬಟನ್ ಒತ್ತಿದೆ. ಢಂ ಅಂತು. ಹೊಗೆ. ಓಡಿಹೋಗಿ ಗೋಡೆಯಿಂದ ಕಂಪ್ಯೂಟರ್ ಪ್ಲಗ್ ಕಿತ್ತೆ. ಎಲ್ಲಾ ತಣ್ಣಗಾಯ್ತು. ಆಮೇಲೆ ಕಾರ್ಡು ಬಿಚ್ಚಿ ತೆಗೆದೆ."

"ಈ ಹೊರಗಿನ ಡಬ್ಬ ಮುಟ್ಟಿದ್ಯಾ?"

"ದೇವ್ರಾಣೆ ಇಲ್ಲ. ಉಗ್ಲೆಶಾನ ಆ ಪಿಶಾಚಿ ಹತ್ರ ನಾನು ಯಾವತ್ತೂ ಹೋಗೋನಲ್ಲ. ನನ್ನ ಕೆಲಸಕ್ಕೆ ನನ್ನ ಕಂಪ್ಯೂಟರೇ ಬೇರೆ ಇದೆ."

ವುಕೋಸಾವಾ ಮೂಗರಳಿಸಿ ಗಾಳಿ ಹೀರಿದಳು. ಒಗೆದ ಬಟ್ಟೆಯ ವಾಸನೆ ಇತ್ತು, ಹುರಿದ ಮೆಣಸಿನಕಾಯಿಯ ವಾಸನೆ ಇತ್ತು.

"ಸುಟ್ಟ ವಾಸನೆ ಎಲ್ಲಿ?"

"ಕಿಟಕಿ, ಬಾಗಿಲು ಎರಡೂ ತೆಗೆದಿಟ್ಟಿದ್ದೆ. ಅರ್ಧ ಗಂಟೆ," ಎಂದ ದ್ರಾಗೊಸ್ಲಾವ್.

*

ಮೊದಲು ವುಕೋಸಾವಾಳಿಗೆ ಅನುಮಾನ ಬಂದದ್ದು ಹಳೆಯ ಕಟ್ಟಡದ ವೈರಿಂಗ್ ಮೇಲೆ. ಯಾರಾದರೂ ಗೀಸರ್ ಹಾಕಿದರೆ ಪಕ್ಕದ ಮನೆಯ ದೀಪ ಮಂಕಾಗುವ ಕಟ್ಟಡ ಅದು. ಆದರೆ ಫ್ಯೂಸುಗಳೆಲ್ಲ ಸರಿಯಾಗಿದ್ದವು. ಬೆಳಗ್ಗೆಯಿಂದ ಕರೆಂಟು ಏರುಪೇರಾದ ದೂರು ಯಾರದೂ ಇರಲಿಲ್ಲ. ಹಾಗಾದರೆ ತಪ್ಪು ಉಗ್ಲೆಶಾನದೇ ಇರಬೇಕು. ಆಕೆ ಮೆಟ್ಟಿಲಿಗೆ ಹೋಗಿ ಅವನ ಪಕ್ಕದಲ್ಲಿ ಕೂತಳು.

"ಪೊಲೀಸ್ನೋರಿಗೆ ಅರ್ಥ ಆಗೋ ಹಾಗೆ ಹೇಳು."

ಉಗ್ಲೆಶಾ ತಲೆ ಎತ್ತಲಿಲ್ಲ. "ಕಾರ್ಡು ತುಂಬಾ ಕರೆಂಟು ತಿನ್ನುತ್ತೆ ಅಕ್ಕ. ಕಂಪ್ಯೂಟರಿನ ಸ್ವಂತ ಸಪ್ಲೈಗೆ ಆ ತಾಕತ್ತಿಲ್ಲ. ಅದಕ್ಕೇ ಕಾರ್ಡಿಗೆ ಅಂತ ಎರಡನೇದು ಇಟ್ಟೆ. ಅದು ತಾನಾಗಿ ಶುರುವಾಗಲ್ಲ, ಕಂಪ್ಯೂಟರ್ ಹೇಳ್ಬೇಕು. ಹಸಿರು ತಂತಿಗೂ ಕಪ್ಪು ತಂತಿಗೂ ಒಂದು ಪೇಪರ್ ಕ್ಲಿಪ್ ಸೇರಿಸಿ, ಕಂಪ್ಯೂಟರ್ ಹೇಳ್ತು ಅಂತ ಅದಕ್ಕೆ ಟೋಪಿ ಹಾಕಿದೀನಿ."

"ಹಾಗಾದ್ರೆ ಯಾವಾಗಲೂ ಉರೀತಾನೇ ಇರುತ್ತಾ?"

"ಇಲ್ಲ, ಅದರ ಬೆನ್ನ ಮೇಲೆ ಸ್ವಿಚ್ ಇದೆ. ಮೊದಲು ಅದು, ಆಮೇಲೆ ಕಂಪ್ಯೂಟರ್ ಬಟನ್. ಆರಿಸುವಾಗ ಮೊದಲು ಕಂಪ್ಯೂಟರ್, ಆಮೇಲೆ ಅದು. ರಾತ್ರಿ ನಾನೇ ಎರಡೂ ಆರಿಸಿ ಹೋಗಿದ್ದೆ. ಯಾರೂ ಇಲ್ದಾಗ ಉರಿಯೋಕೆ ಬಿಡಲ್ಲ ನಾನು." ಬಾಗಿಲ ಕಡೆ ಕೈ ತೋರಿಸಿದ. "ಬೆಳಗ್ಗೆ ಬಂದಾಗ ಅವಳು ಒಳಗೇ ಬಿಡ್ಲಿಲ್ಲ. ಏನಾಗಿದೆ ಅಂತ ನೋಡೋಕೂ ಆಗ್ಲಿಲ್ಲ."

ವುಕೋಸಾವಾ ಎದ್ದಳು. ಮನಸ್ಸಿನಲ್ಲಿ ಏನೋ ಕೊರೆಯತೊಡಗಿತ್ತು.

*

ಕೋಣೆಗೆ ಮರಳಿದವಳೇ, ವಾಸನೆ ಹೊತ್ತೊಯ್ಯುವಷ್ಟು ಗಾಳಿ ಬರುತ್ತದೆಯೇ ನೋಡೋಣವೆಂದು ಕಿಟಕಿ ತೆರೆದಳು. ಬಾಗಿಲು ತೆರೆದೇ ಇತ್ತು. ಫೆಬ್ರುವರಿಯ ಗಾಳಿ ಒಳನುಗ್ಗಿತು.

"ಯಾರದು ಕಿಟಕಿ ತೆಗೆದಿದ್ದು? ನನ್ನ ಸಾಯಿಸ್ತೀರಾ?" ಹಜಾರದಿಂದ ದೆಸಾಂಕಾ ಅಜ್ಜಿಯ ದನಿ. ನೆವೆಂಕಾಳ ಅತ್ತೆ ಆಕೆ. ಕಿವಿ ಪೂರ್ತಿ ಮಂದ. ಆದರೆ ಕಿಟಕಿಗೂ ಬಾಗಿಲಿಗೂ ನಡುವೆ ಗಾಳಿ ಹಾದರೆ ಆಕೆಯ ಕುತ್ತಿಗೆಗೆ ತಕ್ಷಣ ಗೊತ್ತಾಗುತ್ತದೆ. ಆ ಗಾಳಿಯಿಂದಲೇ ಕುತ್ತಿಗೆ ಉಳುಕು, ಹಲ್ಲುನೋವು, ಮೂತ್ರಪಿಂಡದ ಕಾಯಿಲೆ ಎಲ್ಲ ಬರುತ್ತವೆಂದು ಆ ಊರಿಗೆ ಊರೇ ನಂಬಿದೆ. ಬೇಸಗೆಯಲ್ಲೂ ಬಸ್ಸಿನ ಕಿಟಕಿ ತೆರೆಯಲು ಅಲ್ಲಿ ಧೈರ್ಯ ಬೇಕು.

ವುಕೋಸಾವಾ ಕಿಟಕಿ ಮುಚ್ಚಿ ಹಜಾರಕ್ಕೆ ಹೋದಳು. ಅಜ್ಜಿಯ ಕಿವಿಗೆ ಬಾಯಿಟ್ಟು ಕೇಳಿದಳು. "ಬೆಳಗ್ಗೆಯಿಂದ ಇಲ್ಲೇ ಕೂತಿದ್ರಾ?"

"ಮತ್ತೆಲ್ಲಿ ಹೋಗ್ಲಿ ಈ ಮಂಡಿ ಇಟ್ಕೊಂಡು? ಉಣ್ಣೆ ಬಿಡಿಸ್ತಾ ಕೂತಿದೀನಿ."

"ಆಗ ಕಿಟಕಿ ಬಾಗಿಲು ಎರಡೂ ತೆಗೆದಿದ್ರಾ?"

"ತೆಗೆದಿದ್ರೆ ನಾನು ಸುಮ್ನೆ ಕೂತಿರ್ತಿದ್ನೇನಮ್ಮಾ? ಇಡೀ ಬೀದಿಗೆ ಕೇಳ್ಸೋ ಹಾಗೆ ಕೂಗ್ತಿದ್ದೆ."

*

ವುಕೋಸಾವಾ ಉಗ್ಲೆಶಾನನ್ನು ಒಳಗೆ ಕರೆದಳು. ದ್ರಾಗೊಸ್ಲಾವ್ ಅಷ್ಟರಲ್ಲಿ ಕೋಟು ಹಾಕಿ ಬೆನ್ನುಚೀಲ ಏರಿಸಿದ್ದ.

"ಉತ್ಸವದೋರಿಗೆ ತಿಳಿಸಿ ಬರ್ತೀನಿ."

"ಇರಪ್ಪ, ಒಂದು ತಮಾಷೆ ನೋಡ್ಕೊಂಡು ಹೋಗು. ಉಗ್ಲೆಶಾ, ಆ ಸ್ವಿಚ್ ಈಗ ಹೇಗಿದೆ?"

ಉಗ್ಲೆಶಾ ಬಗ್ಗಿ ನೋಡಿದ. "ಆಫ್ ಆಗಿದೆ."

"ಕಾರ್ಡಿನ ತಂತಿ ಹಾಗೇ ಬಿಚ್ಚಿರ್ಲಿ. ಎರಡೂ ಶುರು ಮಾಡು, ಆಮೇಲೆ ಕಂಪ್ಯೂಟರ್ ಪ್ಲಗ್ ಕೀಳು."

ಎರಡು ಫ್ಯಾನುಗಳು ಗುಂಯ್ಗುಟ್ಟಿದವು. ಪ್ಲಗ್ ಕಿತ್ತ. ಕಂಪ್ಯೂಟರ್ ಸತ್ತಿತು. ಹೊರಗಿನ ಡಬ್ಬದ ಫ್ಯಾನು ಮಾತ್ರ ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ಅದರ ಪ್ಲಗ್ಗು ಇನ್ನೊಂದು ಗೋಡೆಯಲ್ಲಿತ್ತು.

"ಎಲ್ಲಾ ತಣ್ಣಗಾಯ್ತು ಅಂದ್ಯಲ್ಲ ದ್ರಾಗೊಸ್ಲಾವ್. ಇದು ಆನ್ ಇದ್ದಿದ್ರೆ ತಣ್ಣಗಾಗ್ತಿರ್ಲಿಲ್ಲ. ಆಫ್ ಇದ್ದಿದ್ರೆ ಕಾರ್ಡಿಗೆ ಇದರಿಂದ ಕರೆಂಟೇ ಹೋಗ್ತಿರ್ಲಿಲ್ಲ, ಇನ್ನು ಸುಡೋದೆಲ್ಲಿ? ಅದನ್ನ ಮುಟ್ಟೇ ಇಲ್ಲ ಅಂತ ನೀನೇ ದೇವರ ಮೇಲೆ ಆಣೆ ಬೇರೆ ಇಟ್ಟೆ."

ಅವನು ಬೆನ್ನುಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದ.

"ವಾಸನೆ ಇರ್ಲಿಲ್ಲ, ಯಾಕಂದ್ರೆ ಈ ಕಾರ್ಡು ಸುಟ್ಟಿದ್ದು ಇಲ್ಲಲ್ಲ, ಎಂದೋ, ಎಲ್ಲೋ. ಹಳೇ ಸಾಮಾನಿನ ಸಂತೇಲಿ ಇಂಥವು ರಾಶಿ ಬಿದ್ದಿರ್ತವೆ. ನಾನು ವಾಸನೆ ಕೇಳಿದ ಕೂಡ್ಲೆ ಕಿಟಕಿ ಕತೆ ಹೊಸೆದೆ. ಹಜಾರದಲ್ಲಿ ಅಜ್ಜಿ ಇದ್ದದ್ದು ಮರೆತೆ. ಚೀಲ ತೆಗಿ."

ಬೆನ್ನುಚೀಲದಲ್ಲಿ, ಉಣ್ಣೆಯ ಟೋಪಿಯೊಳಗೆ, ಅದೇ ಜಾತಿಯ ಇನ್ನೊಂದು ಕಾರ್ಡು ಮಲಗಿತ್ತು. ಉಗ್ಲೆಶಾ ಅದರ ಹಿಂಬದಿಯಲ್ಲಿ ತಾನೇ ಹಚ್ಚಿದ್ದ ಹಸಿರು ಬಣ್ಣದ ಗುರುತು ತೋರಿಸಿದ.

"ಯಾಕೋ?" ಎಂದಳು ನೆವೆಂಕಾ.

"ಉತ್ಸವದೋರು ಒಂದು ಸ್ಟುಡಿಯೋದಿಂದ ಒಂದೇ ಚಿತ್ರ ತಗೋತಾರೆ," ಎಂದ ದ್ರಾಗೊಸ್ಲಾವ್. "ನನ್ನ ಸ್ವಂತ ಚಿತ್ರ ಚಳಿಗಾಲಕ್ಕೂ ಮುಂಚೆನೇ ಮುಗಿದಿತ್ತು. ನೀವಿಬ್ರೂ ಸೇರಿ ನಿನ್ನದೇ ಹೋಗ್ಲಿ ಅಂದ್ರಿ. ನನ್ನದನ್ನ ಪೂರ್ತಿ ನೋಡಲೂ ಇಲ್ಲ."

ಅದು ನಿಜ. ನೆವೆಂಕಾ ನೆಲ ನೋಡಿದಳು. ವುಕೋಸಾವಾ ದೂರು ಬರೆಯಲೇ ಎಂದು ಕೇಳಿದಾಗ ಬೇಡವೆಂದು ಕೈಯಾಡಿಸಿದಳು. ದ್ರಾಗೊಸ್ಲಾವ್ ಇಳಿದುಹೋದ ಸದ್ದು ಮೆಟ್ಟಿಲ ಮೇಲೆ ಬಹಳ ಹೊತ್ತು ಕೇಳಿತು.

*

"ಅವನು ಮೆತ್ತಗೆ ಮಾತಾಡಿದ, ನಂಬಿಬಿಟ್ಟೆ," ಎಂದಳು ನೆವೆಂಕಾ ಉಗ್ಲೆಶಾನಿಗೆ. "ನಿನ್ನ ಒಂದು ಮಾತೂ ಕೇಳ್ಲಿಲ್ಲ. ನನಗೆ ನಾಚಿಕೆ ಆಗ್ತಿದೆ ಕಣೋ."

"ಆಮೇಲೆ ನಾಚ್ಕೋ. ಈಗ ಸ್ಕ್ರೂಡ್ರೈವರ್ ಕೊಡು."

ಕೊನೆಯ ದೃಶ್ಯ ಪರದೆಯ ಮೇಲೆ ಚೌಕ ಚೌಕವಾಗಿ ಮೂಡತೊಡಗಿತು. ಮೊದಲು ಬಂದದ್ದು ಆಕಾಶ. ದ್ರಾಗೊಸ್ಲಾವ್ ಬರೆದ ಆಕಾಶ, ಮುಸ್ಸಂಜೆಯದು. ಅಷ್ಟು ಚೆಂದದ ಆಕಾಶವನ್ನು ಆ ಕೋಣೆಯಲ್ಲಿ ಇನ್ಯಾರೂ ಬರೆಯಲಾರರು. ಬೆಳಗ್ಗೆಯಿಂದ ಅಳದ ನೆವೆಂಕಾ ಆಗ ಅತ್ತಳು.

"ಅವನ ಹೆಸರು ತೆಗೀಲಾ?" ಕೇಳಿದ ಉಗ್ಲೆಶಾ.

"ಬೇಡ. ಆಕಾಶ ಅವನದೇ ಅಲ್ವಾ."

ಸಂಜೆ ಚಿತ್ರ ಹೋಯಿತು. ಮೂವರ ಹೆಸರಿನಲ್ಲೂ ಹೋಯಿತು.