ಓರೆ ಚಿತ್ರದಲ್ಲಿ ನೆಟ್ಟಗೆ ನಿಂತವಳು

ಹೋದ ಏಪ್ರಿಲ್‌ನ ಒಂದು ಮಧ್ಯಾಹ್ನ ಬಸವೇಶ್ವರನಗರದ ನಮ್ಮ ಪುಟ್ಟ ಆಫೀಸಿನಲ್ಲಿ ನಾನೂ ಸಿದ್ದೇಶನೂ ಇಬ್ಬರೇ ಇದ್ದೆವು. ಹೊಸ ಕ್ಯಾಮೆರಾಕ್ಕೆ ಡ್ರೈವರ್, ಅಂದರೆ ಅದರ ಚಿತ್ರ ಲ್ಯಾಪ್‌ಟಾಪಿನ ಪರದೆಯಲ್ಲಿ ಮೂಡುವಂತೆ ಮಾಡುವ ಪ್ರೋಗ್ರಾಮು, ಬರೆಯುವ ಕೆಲಸ ನನ್ನದು. ಚಿತ್ರದ ಒಂದೊಂದು ಸಾಲೂ ಮೆಮೊರಿಯಲ್ಲಿ ಸರಿಯಾದ ಜಾಗದಿಂದಲೇ ಶುರುವಾಗಬೇಕು; ಸ್ವಲ್ಪ ತಪ್ಪಿದರೂ ಸಾಲಿನಿಂದ ಸಾಲಿಗೆ ಜರುಗುತ್ತಾ ಹೋಗಿ ಇಡೀ ಚಿತ್ರ ಓರೆಯಾಗುತ್ತದೆ. ಅವತ್ತು ಹಾಗೇ ಆಗಿತ್ತು. ಪರದೆಯಲ್ಲಿ ಬಾಗಿಲು, ಮೇಜು, ಎದುರು ಕೂತ ಸಿದ್ದೇಶ ಎಲ್ಲವೂ ಓರೆ. ಅವನ ಬೆನ್ನ ಹಿಂದೆ ನಿಂತಿದ್ದ ಹೆಂಗಸು ಮಾತ್ರ ನೆಟ್ಟಗಿದ್ದಳು.

ತಲೆಯೆತ್ತಿ ನೋಡಿದೆ. ಅವನ ಹಿಂದೆ ಬರೀ ಗೋಡೆ.

ವಿಷಯ ಹೇಳಿದಾಗ ಸಿದ್ದೇಶ ನಕ್ಕ. “ಯಾವ್ದೋ ಹಳೇ ಚಿತ್ರ ಮೆಮೊರಿಯಲ್ಲಿ ಉಳ್ಕೊಂಡಿರುತ್ತೆ ಕಣೇ, ಅಳ್ಸಿ ನೋಡು.”

ಅಳಿಸಿದೆ. ಸಾಲುಗಳ ಲೆಕ್ಕವನ್ನೂ ಸರಿಮಾಡಿದೆ. ಕೋಣೆ ನೆಟ್ಟಗಾಯಿತು, ಸಿದ್ದೇಶನೂ ನೆಟ್ಟಗಾದ. ಈಗ ಅವಳು ಓರೆಯಾಗಿ ಅವನ ಭುಜದ ಮೇಲೆ ಬಾಗಿದ್ದಳು.

“ಧನ್ಯಾ, ಫ್ಯಾನ್ ಆಫ್ ಮಾಡೇ, ಚಳಿ ಆಗ್ತಾ ಇದೆ,” ಎಂದ ಸಿದ್ದೇಶ.

ಕರೆಂಟು ಹೋಗಿ ಆಗಲೇ ಎಷ್ಟೋ ಹೊತ್ತಾಗಿತ್ತು. ಫ್ಯಾನು ನಿಂತೇ ಇತ್ತು.

ಲ್ಯಾಪ್‌ಟಾಪಿನಿಂದ ಕ್ಯಾಮೆರಾದ ವೈರನ್ನು ಕಿತ್ತೆಸೆದೆ. ಪರದೆಯ ಮೇಲಿನ ಕೋಣೆ ಕಪ್ಪಾಯಿತು, ಸಿದ್ದೇಶನೂ ಮಾಯವಾದ. ಅವಳು ಹೋಗಲಿಲ್ಲ. ನಾನು ಅವನ ಕೈ ಹಿಡಿದು ಬೀದಿಗೆ ಎಳೆದುಕೊಂಡು ಬಂದೆ, ಆಟೋ ಹತ್ತಿಸಿ ಮಲ್ಲತ್ತಹಳ್ಳಿಯ ಅವನ ಮನೆಗೆ ಕಳಿಸಿದೆ.

ಸಂಜೆ ಅವನ ತಾಯಿ ರಾಮಕ್ಕನವರ ಫೋನು ಬಂತು.

“ಇವನ ಜೊತೆ ಯಾರನ್ನಮ್ಮ ಕಳ್ಸಿದೀಯಾ? ಆಗ್ಲಿಂದ ಒಳಗ್ ಬಾಮ್ಮ ಅಂತ ಕರೀತಾನೇ ಇದೀನಿ, ಮಾತೂ ಆಡ್ದೆ ಬಾಗ್ಲಲ್ಲೇ ನಿಂತವ್ಳೆ.”