ಉಸಿರಾಡುವ ಗುಂಡು

ಬಹಳ ಹಿಂದೆ, ಕಾಮನಬಿಲ್ಲು ಹುಟ್ಟುವ ದಿಕ್ಕಿನಲ್ಲಿ ಹೊಳೆಯಂಗಳ ಎಂಬ ರಾಜ್ಯವಿತ್ತು. ಅಲ್ಲಿ ಗರಡಿಯಿಲ್ಲದ ಕೇರಿಯೇ ಇರಲಿಲ್ಲ. ಹಿಡಿಕೆಯಿರುವ ಕಬ್ಬಿಣದ ಗುಂಡನ್ನು ತಲೆಯ ಮೇಲಕ್ಕೆ ಎತ್ತಿ ಇಳಿಸಿ, ಎತ್ತಿ ಇಳಿಸಿ, ಹೊತ್ತು ಕಳೆಯುವುದೇ ಆ ಜನರ ಆಟ. ಆಟ ಮುಗಿದ ಮೇಲೆ ಗುಂಡನ್ನು ಕೆಮ್ಮಣ್ಣಿನ ಮೇಲೆ ಮೆಲ್ಲಗೆ ಇಟ್ಟು, ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅವರ ಪದ್ಧತಿ.

ಒಮ್ಮೆ ಅಲ್ಲಿನ ಬೆಟ್ಟದ ಗವಿಗೆ ಕರಾಳಾಕ್ಷನೆಂಬ ಮುದಿ ಮಾಂತ್ರಿಕ ಬಂದು ಸೇರಿಕೊಂಡ. "ತಳದಲ್ಲಿ ತೂತಿರುವ ಗಳಿಗೆಬಟ್ಟಲು ನೀರು ತುಂಬಿ ಮುಳುಗುವ ತನಕ ನನ್ನ ಗುಂಡನ್ನು ನೆಲಕ್ಕೆ ತಾಗಿಸದೆ ಎತ್ತಿಳಿಸಿದವರಿಗೆ ಕೇಳಿದ್ದು ಕೊಡುತ್ತೇನೆ. ಕೈ ಬದಲಿಸುವುದು ಒಂದೇ ಸಲ. ಸೋತವರು ನನ್ನವರು" ಎಂದು ಡಂಗುರ ಹೊಡೆಸಿದ. ಹೋದ ಜಟ್ಟಿಗಳಲ್ಲಿ ಒಬ್ಬನೂ ಮರಳಲಿಲ್ಲ. ಕೊನೆಗೆ ಹೋದವನು ಬರಮಣ್ಣ.

ಅವನ ತಂಗಿ ನೀಲವ್ವ ಅಣ್ಣನ ಜೊತೆಗೇ ಗುಂಡು ಎತ್ತಿ ಬೆಳೆದವಳು. 'ಯಾಕೆ' ಎಂದು ಕೇಳದಿದ್ದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

"ಅಣ್ಣ ಯಾಕೆ ಬರಲಿಲ್ಲವೋ ನೋಡಿ ಬರುತ್ತೇನವ್ವಾ."

ತಾಯಿ ಕಣ್ಣೊರೆಸಿಕೊಂಡು, "ಹೋಗು ನನ್ನವ್ವಾ. ನಿನ್ನ ಪ್ರಶ್ನೆ ತಾಳಲಾರದೆ ಆ ಮಾಂತ್ರಿಕನೇ ಅಣ್ಣನನ್ನು ಬಿಟ್ಟುಬಿಡಲಿ" ಎಂದಳು. ನೀಲವ್ವ ಆಂಜನೇಯನಿಗೆ ಕೈಮುಗಿದು ಬೆಟ್ಟ ಹತ್ತಿದಳು.

ಗವಿಯ ತುಂಬ ಗುಂಡುಗಳು. ಮುಟ್ಟಿದರೆ ಬೆಚ್ಚಗಿದ್ದವು.

"ಇವು ಯಾಕಜ್ಜಾ ಬೆಚ್ಚಗಿವೆ?"

"ಆರಿಸಿಕೊಂಡು ಎತ್ತೇ, ಬಾಯಾಳಿ!" ಎಂದ ಮಾಂತ್ರಿಕ.

ಅವಳು ಒಂದೊಂದಕ್ಕೂ ಕಿವಿಯಿಟ್ಟಳು. ಎಲ್ಲವೂ ಉಸಿರಾಡುತ್ತಿದ್ದವು! ಒಂದರೊಳಗೆ ಮಾತ್ರ ಉಸಿರಿನ ಜೊತೆ ಸಣ್ಣ ಸಿಳ್ಳೆ. ಕುಸ್ತಿಯಲ್ಲಿ ಮೂಗು ಮುರಿದಂದಿನಿಂದ ಬರಮಣ್ಣ ಉಸಿರಾಡುತ್ತಿದ್ದುದೇ ಹಾಗೆ. ನೀಲವ್ವ ತುಟಿ ಕಚ್ಚಿಕೊಂಡು ಅದನ್ನೇ ಹಿಡಿದಳು.

ಬಟ್ಟಲು ನೀರಿಗಿಳಿಯಿತು. ಒಳಗಿನ ಸಿಳ್ಳೆಗೆ ತನ್ನ ಉಸಿರು ಕೂಡಿಸಿ ಅವಳು ಎತ್ತಿದಳು, ಇಳಿಸಿದಳು.

ಮಾಂತ್ರಿಕ ಮಾಯದ ಕರಡಿಯನ್ನು ಬಿಟ್ಟ. ಅದು ಮುಖದ ಬಳಿಯೇ ಗರ್ಜಿಸಿತು. ಅವಳು ಸಿಳ್ಳೆ ಕೇಳುತ್ತ ಎತ್ತಿದಳು, ಇಳಿಸಿದಳು.

ಮಾಂತ್ರಿಕ ಹಿಡಿಕೆಯನ್ನು ಕೆಂಡದಂತೆ ಕಾಯಿಸಿದ. ಕೈ ಬದಲಿಸಲು ಇದ್ದ ಒಂದೇ ಅವಕಾಶದಲ್ಲಿ ಅವಳು ಗುಂಡನ್ನು ಇನ್ನೊಂದು ಕೈಗೆ ದಾಟಿಸಿದಳು. ತೋಳು ಸೋತಾಗ ಮೊಣಕೈಯನ್ನು ಸೊಂಟಕ್ಕೆ ಊರಿ, ಗುಂಡನ್ನು ಕೂಸಿನಂತೆ ಎದೆಗೊರಗಿಸಿಕೊಂಡು ಸುಧಾರಿಸಿಕೊಂಡಳು. ಮತ್ತೆ ಎತ್ತಿದಳು, ಇಳಿಸಿದಳು.

ಬಟ್ಟಲು ಗುಳುಂ ಎಂದು ಮುಳುಗಿತು.

"ಗೆದ್ದೆಯಲ್ಲೇ ಹುಡುಗಿ! ಎಸೆ, ಎಸೆದುಬಿಡು!" ಎಂದು ಮಾಂತ್ರಿಕ ಕುಣಿದ.

ಅಂಗೈ ಸುಲಿದು ರಕ್ತ ಜಿನುಗುತ್ತಿತ್ತು. ಎಸೆಯಲು ಜೀವ ಹಾತೊರೆಯಿತು. ಆದರೆ, ಗೆದ್ದವಳು ನಾನು, ಇವನಿಗೆ ಯಾಕಿಷ್ಟು ಅವಸರ? ನೀಲವ್ವ ಮೊಣಕಾಲೂರಿ ಗುಂಡನ್ನು ಮೆಲ್ಲಗೆ ಇಟ್ಟು, ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಮಾಂತ್ರಿಕನ ಮುಖ ಬಿಳಿಚಿಕೊಂಡಿತು. ಎಸೆದಿದ್ದರೆ ಗುಂಡು ಒಡೆದು ಒಳಗಿನ ಉಸಿರು ಆರಿಹೋಗುತ್ತಿತ್ತು.

"ಕೇಳಿದ್ದು ಕೊಡುತ್ತೇನೆ ಎಂದೆಯಲ್ಲ ಅಜ್ಜಾ? ಇವರೆಲ್ಲರನ್ನೂ ಕೊಡು."

ಮಾತು ಮುಗಿಯುವುದರೊಳಗೆ ಕಬ್ಬಿಣ ಸಿಪ್ಪೆಯಂತೆ ಕಳಚಿತು. ಗುಂಡುಗಳಿದ್ದಲ್ಲಿ ಜಟ್ಟಿಗಳು ಮೈಮುರಿಯುತ್ತ ಎದ್ದರು. ಅವರಿಂದ ಕದ್ದ ಭಾರದಿಂದಲೇ ನಿಂತಿದ್ದ ಕರಾಳಾಕ್ಷ ಬೂರುಗದ ಹತ್ತಿಯಂತೆ ಹಗುರಾಗಿ, ಗವಿಯ ಬಾಯಿಂದ ಹಾರಿ ಕಾಣೆಯಾದ.

ಬರಮಣ್ಣ ಮೂಗು ಸವರಿಕೊಂಡು, "ಇಷ್ಟು ಕುಲುಕಿದೆಯಲ್ಲೇ, ತಲೆ ತಿರುಗುತ್ತಿದೆ" ಎಂದ.

"ನೀನು ಯಾಕಿಷ್ಟು ಭಾರ, ಮೊದಲು ಅದನ್ನು ಹೇಳು" ಎಂದಳು ತಂಗಿ.

ಅವರೆಲ್ಲ ಮನೆ ಸೇರಿ ನೂರುಕಾಲ ನಗುನಗುತ್ತ ಬಾಳಿದರು. ಹೊಳೆಯಂಗಳದಲ್ಲಿ ಅಂದಿನಿಂದ ಗುಂಡಿಗೆ ಕೈಹಚ್ಚುವ ಮೊದಲು ಎಲ್ಲರೂ ಅದಕ್ಕೆ ಕಿವಿಯಿಟ್ಟು ನೋಡುತ್ತಾರೆ.