ಹಿಡಿಕೆಯ ಗಂಟು

ಮೊದಲ ಸಲ ಅವನು ಅವಳ ಚೀಲ ಹೊತ್ತುಕೊಂಡು ಹೋದಾಗ ಅವಳು ಕಳ್ಳ ಎಂದುಕೊಂಡಳು. ಎರಡನೇ ಸಲ ಪೆದ್ದ ಎಂದುಕೊಂಡಳು. ಮೂರನೇ ಸಲ ಮಾತ್ರ ಏನೂ ಅಂದುಕೊಳ್ಳದೆ, ಒದ್ದೆ ಕೂದಲು ಹಿಂಡಿಕೊಳ್ಳುತ್ತ, ಈಜುಕೊಳದ ಕಟ್ಟೆಯ ಮೇಲೆ ಅವನು ವಾಪಸು ಬರುವುದನ್ನೇ ಕಾದು ಕೂತಳು.

ಅದು ಸಿರಿವಂತರ ವಿಹಾರದ ಹಡಗುಗಳಾದ ದೊಡ್ಡ ಯಾಟ್‌ಗಳಿಗೆ ಕೆಲಸದವರನ್ನು ತಯಾರು ಮಾಡುವ ಶಾಲೆ. ಹೊರಗೆ ಡೆಕ್ ಮೇಲೆ ದುಡಿಯುವವರಿಗೆ ಕಡುಗೆಂಪು ಚೀಲ. ಒಳಗೆ ಕೋಣೆ, ಬಟ್ಟೆ, ಊಟದ ಮೇಜು ನೋಡಿಕೊಳ್ಳುವವರಿಗೆ ಕಡುಹಸಿರು ಚೀಲ. ಬಣ್ಣ ಬಿಟ್ಟರೆ ಎರಡೂ ಒಂದೇ ಅಚ್ಚು. ಅವನದು ಕೆಂಪು, ಅವಳದು ಹಸಿರು. ಕಣ್ಣಿದ್ದವರು ಯಾರೂ ಅದಲುಬದಲು ಮಾಡುವಂತಿರಲಿಲ್ಲ.

ಅವನ ಕೈಗೆ ಹಗ್ಗದ ತುಂಡು ಸಿಕ್ಕರೆ ಸಾಕು, ಗಂಟು ಹಾಕುತ್ತಿದ್ದ. ಕುರ್ಚಿಯ ಕಾಲಿಗೆ, ಕಿಟಕಿಯ ಸರಳಿಗೆ, ಮೇಷ್ಟರ ಸೀಟಿಯ ದಾರಕ್ಕೆ. ಹಾಗಾಗಿ ತರಗತಿಗೆಲ್ಲ ಅವನು ಗಂಟಣ್ಣ. ಅವಳ ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತು ವರ್ಷ ಇಸ್ತ್ರಿ ಮಾಡಿದವರು. ಮಗಳು ಕರವಸ್ತ್ರ ಕಂಡರೂ ಅಂಚಿಗೆ ಅಂಚು ಕೂಡಿಸಿ ಮಡಿಸದೆ ಬಿಡುತ್ತಿರಲಿಲ್ಲ. ಅವಳಿಗೆ ಇಸ್ತ್ರಿ ಎಂದು ಹೆಸರಿಟ್ಟವನು ಅವನೇ.

ಎರಡನೇ ಸಲ ಚೀಲ ವಾಪಸು ತಂದಾಗ ಅದರ ಹಿಡಿಕೆಗೊಂದು ದಾರದ ಗಂಟು ಬಿಗಿದಿತ್ತು. ಚಿಕ್ಕದು, ಗಟ್ಟಿ, ಹುಣಸೆಬೀಜದಷ್ಟು.

"ಏನಿದು?"

"ಗುರುತು. ಇನ್ಮೇಲೆ ತಪ್ಪಲ್ಲ."

"ಬಣ್ಣ ಇಲ್ವಾ ಗುರುತಿಗೆ?"

"ನಾನು ನೋಡಿ ನಂಬೋನಲ್ಲ," ಎಂದ ಅವನು, ಹಿಡಿಕೆಯನ್ನು ಅವಳ ಅಂಗೈಗೆ ಒತ್ತುತ್ತ. "ಮುಟ್ಟಿ ನಂಬೋನು."

ಎಂಥ ಮಾತುಗಾರ ಎಂದು ಅವಳು ಮೂಗು ಮುರಿದಳು. ಮುರಿದ ಮೂಗಿನ ತುದಿ ಕೆಂಪಾಗಿತ್ತು. ಪಾಪ, ಆ ಕೆಂಪು ಅವನಿಗೆ ಕಾಣಲಿಲ್ಲ ಎಂಬುದು ಅವಳಿಗೆ ಆಗ ಎಲ್ಲಿ ಗೊತ್ತಿತ್ತು?

ಮೂರನೇ ಸಲ ಅವನು ಚೀಲ ಹೆಗಲಿಗೇರಿಸಿಕೊಂಡೇ ಸಾವಧಾನವಾಗಿ ನಡೆದು ಬಂದ.

"ಗಂಟು ಇತ್ತಲ್ಲ?" ಎಂದಳು.

"ಇತ್ತು," ಎಂದ. ಅಷ್ಟೇ ಹೇಳಿ ಅವಳ ಮುಖವನ್ನೇ ನೋಡುತ್ತ ನಿಂತ. ಹುಬ್ಬು, ರೆಪ್ಪೆ, ತುಟಿ, ಒಂದೊಂದನ್ನೂ ಓದುವವನ ಹಾಗೆ. ಯಾರೂ ಅವಳನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ.

"ಒಂದು ಕೇಳ್ಲಾ? ಎಲ್ಲರೂ ನನ್ನ ಗಂಟಣ್ಣ ಅಂತಾರೆ. ನೀನು ಮಾತ್ರ ಬರೀ ಗಂಟು ಅಂತೀಯ. ಅಣ್ಣ ಎಲ್ಲಿ ಹೋದ?"

"ನಂಗೆ ಮನೇಲಿ ಒಬ್ಬ ಅಣ್ಣ ಇದಾನೆ. ಸಾಕು," ಎಂದು ಅವಳು ಚೀಲ ಕಿತ್ತುಕೊಂಡು ಓಡಿದಳು.

ಶಾಲೆಯ ದಿನಗಳಲ್ಲಿ ಸುಖವಿದ್ದದ್ದು ಅಷ್ಟರಲ್ಲೇ. ಉಳಿದದ್ದೆಲ್ಲ ಕಷ್ಟ. ಹೊಗೆ ತುಂಬಿದ ಕಬ್ಬಿಣದ ಕೋಣೆಯಲ್ಲಿ ಮೊಣಕಾಲೂರಿ ತೆವಳಬೇಕು. ತಣ್ಣೀರಿನಲ್ಲಿ ಮಗುಚಿದ ರಬ್ಬರ್ ತೆಪ್ಪವನ್ನು ಒಬ್ಬರೇ ಎಳೆದು ನೆಟ್ಟಗೆ ಮಾಡಬೇಕು. ತೆಪ್ಪ ಅವಳ ಮೇಲೆಯೇ ಕವುಚಿಕೊಂಡ ದಿನ ಕತ್ತಲಲ್ಲಿ ನೀರು ಕುಡಿದು ಇನ್ನೇನು ಕೈ ಬಿಡಬೇಕು ಎನ್ನುವಾಗ, ಮೇಷ್ಟರಿಗಿಂತ ಮೊದಲು ಕೆಳಗೆ ಮುಳುಗಿ ಬಂದು ಅವಳನ್ನು ಹೊರಗೆಳೆದವನು ಅವನು. ಮೇಲೆ ಬಂದ ಮೇಲೂ ಅವಳು ಅವನ ತೋಳು ಬಿಡಲಿಲ್ಲ. ಅವನೂ ಬಿಡು ಎನ್ನಲಿಲ್ಲ.

ಸರ್ಟಿಫಿಕೇಟು ಸಿಕ್ಕಿತು. ಕೆಲಸ ಸಿಗಲಿಲ್ಲ.

ಬಂದರಿನ ಹಿಂದಿನ ಬೀದಿಯಲ್ಲಿ ಕೆಲಸ ಹುಡುಕುವವರಿಗೆಂದೇ ಒಂದು ಮನೆಯಿತ್ತು. ಗಂಡಸರಿಗೊಂದು ಕೋಣೆ, ಹೆಂಗಸರಿಗೊಂದು ಕೋಣೆ, ಒಂದರ ಮೇಲೊಂದು ಮಂಚ. ಒಂದೇ ಬಚ್ಚಲು, ಗೋಡೆಯಲ್ಲಿ ಬೂಷ್ಟು. ಬೆಳಗ್ಗೆ ಏಳಕ್ಕೆ ಬಿಳಿ ಶರಟು ತೊಟ್ಟು, ಕೈಯಲ್ಲಿ ಸಿ.ವಿ. ಹಿಡಿದು ಎಲ್ಲರೂ ಜೆಟ್ಟಿಗೆ ಹೋಗುತ್ತಿದ್ದರು. ಕಟ್ಟಿ ನಿಲ್ಲಿಸಿದ ಒಂದೊಂದು ಯಾಟ್‌ನ ಮುಂದೆಯೂ ನಿಂತು "ಇವತ್ತು ಕೆಲಸ ಇದ್ಯಾ ಸಾರ್?" ಎಂದು ಕೇಳುವುದು. ಪ್ರತಿ ಯಾಟ್‌ನ ಹತ್ತಿಳಿಯುವ ಹಲಗೆಯ ಬುಡದಲ್ಲಿ ಒಂದು ಬುಟ್ಟಿ. ಒಳಗೆ ಹೋಗುವವರು ಚಪ್ಪಲಿ ಅದರಲ್ಲಿ ಬಿಟ್ಟು ಬರಿಗಾಲಲ್ಲಿ ಹತ್ತಬೇಕು. ಆರು ವಾರ ಅವರಿಬ್ಬರ ಚಪ್ಪಲಿ ಯಾವ ಬುಟ್ಟಿಗೂ ಬೀಳಲಿಲ್ಲ. "ಅನುಭವ ಇಲ್ವಾ? ಮುಂದೆ ನೋಡಿ," ಎಂದು ಕೈಬೀಸಿ ಕಳಿಸಿದವರೇ ಎಲ್ಲ.

ಅವನ ಅಕ್ಕ ಫೋನ್ ಮಾಡುತ್ತಿದ್ದಳು. ತಂದೆತಾಯಿ ಇಲ್ಲದ ಮನೆಯಲ್ಲಿ ತಮ್ಮನನ್ನು ಹೊಲಿಗೆ ಯಂತ್ರದ ಮುಂದೆ ಕೂತೇ ಸಾಕಿದವಳು. ಅವನಿಗಾಗಿ ಎರಡು ಬಿಳಿ ಶರಟು ಹೊಲಿದು ಕಳಿಸಿದ್ದಳು.

"ಹಡಗಿನ ಮೇಲೆ ನಿಂತು ಫೋಟೋ ತೆಗೆಸ್ಕೊಳ್ಳೋವರೆಗೂ ಅದನ್ನ ಹಾಕ್ಬೇಡ ಕಣೋ," ಎನ್ನುತ್ತಿದ್ದಳು. ಶರಟುಗಳು ಕೆಂಪು ಚೀಲದ ತಳದಲ್ಲಿ ಮಡಿಕೆ ಮುರಿಯದೆ ಬಿದ್ದಿದ್ದವು.

ಏಳನೇ ವಾರ ಒಂದು ಹಳೆಯ ಯಾಟ್ ಅವರನ್ನು ಕರೆಯಿತು. ಅದರ ಕ್ಯಾಪ್ಟನ್ ಐವತ್ತು ದಾಟಿದ ಹೆಂಗಸು, ನಗುವಿಗೂ ಅವರಿಗೂ ದೂರ. ಮೂರು ದಿನ ದುಡಿಸಿಕೊಂಡರು. ಅವನು ಡೆಕ್ ಉಜ್ಜಿದ, ಉಪ್ಪು ಹಿಡಿದ ದೀಪಗಳ ಗಾಜು ಬಿಚ್ಚಿ ಒರೆಸಿ ಮತ್ತೆ ಕೂರಿಸಿದ. ಅವಳು ಅರವತ್ತು ನ್ಯಾಪ್ಕಿನ್‌ಗಳಿಗೆ ಇಸ್ತ್ರಿ ಮಾಡಿ ಬೀರುವಿನಲ್ಲಿ ಜೋಡಿಸಿದಳು. ಮೂರನೇ ಸಂಜೆ ಕ್ಯಾಪ್ಟನ್ ಇಬ್ಬರನ್ನೂ ಕರೆದರು.

"ಜೋಡಿನಾ?"

"ಹೌದು ಮೇಡಂ," ಎಂದಳು ಅವಳೇ.

"ನಂಗೇನೂ ತೊಂದರೆಯಿಲ್ಲ. ಜಗಳ ಆಡಿದ್ರೆ ಇಬ್ರನ್ನೂ ಮುಂದಿನ ಬಂದರಲ್ಲಿ ಇಳಿಸ್ತೀನಿ. ಇನ್ನು ಮೂರು ದಿನಕ್ಕೆ ಹೊರಡ್ತೀವಿ. ಹದಿನೆಂಟು ದಿನ ಬರೀ ನೀರು. ನೀನು ಒಳಗೆ. ನೀನು ಡೆಕ್ಕು, ದಿನಾ ನಾಲ್ಕು ಗಂಟೆ ಕಾವಲು. ಆಗುತ್ತಾ?"

ಆಗುತ್ತಾ ಎಂದು ಕೇಳಬೇಕೇ! ಜೆಟ್ಟಿಗೆ ಇಳಿದವನೇ ಅವನು ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಅವಳು ನಗುತ್ತಲೇ ಕಸದ ಮೂಟೆ ಎತ್ತಿಕೊಂಡು ಜೆಟ್ಟಿಯ ತುದಿಯ ತೊಟ್ಟಿಯ ಕಡೆ ನಡೆದಳು. ಮುಚ್ಚಂಜೆ. ಯಾರೋ ಯಾಟ್‌ನ ದೀಪಗಳನ್ನು ಒಳಗಿನಿಂದ ಹಚ್ಚಿ ಪರೀಕ್ಷೆ ಮಾಡುತ್ತಿದ್ದರು. ಅವಳು ತಿರುಗಿ ನೋಡಿದಳು.

ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಶಾಲೆಯ ಮೊದಲ ದಿನದ ಪಾಠ. ಎದುರಿನಿಂದ ಬರುವ ಹಡಗು ಯಾವ ಕಡೆ ತಿರುಗಿದೆ ಎಂದು ಕತ್ತಲಲ್ಲಿ ಹೇಳುವುದು ಆ ಎರಡು ದೀಪಗಳೇ. ಯಾಟ್ ತನ್ನ ಎಡಮಗ್ಗುಲನ್ನು ಜೆಟ್ಟಿಗೆ ತಾಗಿಸಿ ನಿಂತಿತ್ತು. ಆ ಮಗ್ಗುಲಲ್ಲಿ ಹಸಿರು ದೀಪ ಉರಿಯುತ್ತಿತ್ತು.

ಅವನನ್ನು ಕೈಸನ್ನೆ ಮಾಡಿ ಕರೆದಳು.

"ಈ ಕಡೆ ಯಾವ ಬಣ್ಣ ಉರೀತಿದೆ ಹೇಳು."

"ಇದೇನು ಪರೀಕ್ಷೆ? ಎಡಗಡೆ. ಕೆಂಪು."

ಅವನು ದೀಪ ನೋಡಿದ. ಆಮೇಲೆ ಅವಳ ಮುಖ ನೋಡಿದ, ಎಂದಿನಂತೆ ಹುಬ್ಬು, ರೆಪ್ಪೆ, ತುಟಿ. ನಗು ಇಳಿದುಹೋಯಿತು.

"ಹಸಿರಾ?" ಎಂದ, ಉಸಿರಿನಷ್ಟು ಮೆಲ್ಲಗೆ.

ಕೆಂಪು ಹಸಿರು ಗೊತ್ತಾಗದೆ ಪರೀಕ್ಷೆ ಹೇಗೆ ದಾಟಿಬಂದೆ ಎಂದು ಅವಳು ಕೇಳಿದಳು. ಅವನು ಮುಚ್ಚಿಡಲಿಲ್ಲ. ವೈದ್ಯಕೀಯ ಪರೀಕ್ಷೆಯಲ್ಲಿ ಬಣ್ಣದ ಚುಕ್ಕಿಗಳ ನಡುವೆ ಅಡಗಿದ ಅಂಕಿ ಓದಬೇಕಿತ್ತು. ಮೊದಲೇ ಹೋಗಿಬಂದವನ ಹತ್ತಿರ ಪುಟಗಳ ಕ್ರಮ ಕೇಳಿ ಅಂಕಿಗಳನ್ನು ಬಾಯಿಪಾಠ ಮಾಡಿದ್ದ. ಉಳಿದ ಕಡೆಯೆಲ್ಲ ಎದುರಿದ್ದವರ ಮುಖ ನೋಡಿ ಊಹಿಸುತ್ತಿದ್ದ.

"ಹಾಗಾದ್ರೆ ಚೀಲ?" ಎಂದಳು. "ಮೂರು ಸಲಾನೂ ನಿಂಗೆ ಗೊತ್ತಾಗ್ದೇನೇ..."

"ಎರಡು ಸಲ. ಮೂರನೇ ಸಲ ಗಂಟು ಕೈಗೆ ಸಿಕ್ಕಿತ್ತು ಕಣೇ. ಬೇಕೂಂತಲೇ ತಗೊಂಡೆ."

ಬೇರೆ ದಿನವಾಗಿದ್ದರೆ ಅವಳು ಆ ಮಾತಿಗೆ ಕರಗಿಹೋಗುತ್ತಿದ್ದಳು. ಅವಳು ಬಣ್ಣ ಹೇಳಿದಳು, ಅವನು ಗಾಜುಗಳನ್ನು ಅದಲುಬದಲು ಮಾಡಿ ಕೂರಿಸಿದ. ಬೇರೆ ಯಾರೂ ನೋಡಿರಲಿಲ್ಲ.

"ಇನ್ಮೇಲೆ ಇದಕ್ಕೂ ಗಂಟು ಕಟ್ಟಿಡ್ತೀನಿ," ಎಂದು ನಗಲು ನೋಡಿದ.

"ಎದುರಿಂದ ಬರೋ ಹಡಗಿಗೂ ಕಟ್ತೀಯಾ?"

ಅವನು ತಲೆ ತಗ್ಗಿಸಿದ. "ಇದೊಂದು ಪ್ರಯಾಣ. ಮುಗಿದ ಮೇಲೆ ನಾನೇ ಹೇಳ್ತೀನಿ. ಅಕ್ಕನಿಗೆ ಒಂದು ಫೋಟೋ ಕಳಿಸಿದ್ರೆ ಸಾಕು ನಂಗೆ."

"ನೀನು ಕಾವಲಿಗೆ ನಿಂತಾಗ ಒಳಗೆ ಹದಿಮೂರು ಜನ ಮಲಗಿರ್ತಾರೆ. ಅದ್ರಲ್ಲಿ ನಾನೂ ಒಬ್ಬಳು. ನಾಳೆ ನೀನೇ ಹೋಗಿ ಹೇಳು. ಪ್ಲೀಸ್."

"ಹೇಳ್ತೀನಿ."

ಮರುದಿನ ಅವನು ಹೇಳಲಿಲ್ಲ. ಕ್ಯಾಪ್ಟನ್ ಎದುರಾದಾಗಲೆಲ್ಲ ಬಗ್ಗಿ ಹಗ್ಗ ಸುತ್ತುತ್ತಿದ್ದ. ಅದರ ಮರುದಿನ ಊಟದ ಕೋಣೆಯ ಗೋಡೆಗೆ ಕಾವಲಿನ ಪಟ್ಟಿ ಬಿತ್ತು. ಅವನ ಪಾಳಿ ಬೆಳಗಿನ ಜಾವ ನಾಲ್ಕರಿಂದ ಎಂಟು. ಪಕ್ಕದಲ್ಲಿ ಅವನು ಸಹಿ ಮಾಡಿದ್ದ. ಅವಳು ಆ ಸಹಿಯನ್ನು ನೋಡುತ್ತ ಬಹಳ ಹೊತ್ತು ನಿಂತಳು. ತೆಪ್ಪದ ಕೆಳಗೆ ಮುಳುಗಿ ಬಂದು ತನ್ನನ್ನು ಎಳೆದುಕೊಂಡ ಕೈಯ ಸಹಿ ಅದು. ಇಸ್ತ್ರಿಯಾದ ಶರಟುಗಳನ್ನು ತಲುಪಿಸುವ ನೆಪದಲ್ಲಿ ಕ್ಯಾಪ್ಟನ್ ಕೋಣೆಗೆ ಹೋದಳು. ಹೇಳಿದಳು.

ಕ್ಯಾಪ್ಟನ್ ಕೂಗಾಡಲಿಲ್ಲ. "ನಿನ್ನ ಬೀರುವಿಂದ ಒಂದು ಕೆಂಪು ನ್ಯಾಪ್ಕಿನ್, ಒಂದು ಹಸಿರು ತಗೊಂಬಾ," ಎಂದರು. "ಅವನನ್ನೂ ಕರಿ."

ತನ್ನ ಕೈಯಾರೆ ಮಡಿಸಿದ ಎರಡು ಬಟ್ಟೆಗಳನ್ನು ಅವಳು ಮೇಜಿನ ಮೇಲಿಟ್ಟಳು. ಒಂದು ಕಡುಗೆಂಪು, ಒಂದು ಕಡುಹಸಿರು.

"ಹಸಿರು ಎತ್ತಿ ಕೊಡು," ಎಂದರು ಕ್ಯಾಪ್ಟನ್.

ಅವನು ಬಟ್ಟೆಗಳನ್ನು ನೋಡಲೇ ಇಲ್ಲ. ಅವಳನ್ನು ನೋಡಿದ. ಅವಳಿಗೆ ಅರ್ಥವಾಯಿತು. ಕಣ್ಣು ಒಂದಿಷ್ಟು ಎಡಕ್ಕೆ ಹೊರಳಿದರೆ ಸಾಕು, ಅವನು ಓದಿಬಿಡುತ್ತಿದ್ದ. ಅವಳ ಮುಖದ ಒಂದೊಂದು ಗೆರೆಯನ್ನೂ ಅವನು ಕಲಿತಿದ್ದ. ಎಡಗಡೆಯದನ್ನು ಎತ್ತುತ್ತಿದ್ದ. ಸುಳ್ಳು ದೂರು ಹೇಳಿದೆ ಎಂದು ಅವಳು ಬೈಸಿಕೊಳ್ಳುತ್ತಿದ್ದಳು, ಅಷ್ಟೇ. ನಾಳೆ ಇಬ್ಬರೂ ಒಂದೇ ಹಡಗಿನಲ್ಲಿರುತ್ತಿದ್ದರು.

ಅವಳು ಕಣ್ಣು ತಗ್ಗಿಸಿ ತನ್ನ ಬರಿಗಾಲಿನ ಬೆರಳುಗಳನ್ನು ನೋಡುತ್ತ ನಿಂತಳು.

ಅವನು ಕೈ ಚಾಚಿದ, ಯಾವ ಬಟ್ಟೆಯನ್ನೂ ಮುಟ್ಟದೆ ಹಿಂದಕ್ಕೆಳೆದುಕೊಂಡ.

"ಗೊತ್ತಾಗಲ್ಲ ಮೇಡಂ," ಎಂದ ಕೊನೆಗೆ.

"ಒಳಗಿನ ಕೆಲಸ ಏನಾದ್ರೂ ಕೊಡ್ಬಹುದಾ ಮೇಡಂ? ಪಾತ್ರೆ ತೊಳೆಯೋದು, ಏನಾದ್ರೂ..." ಎಂದಳು ಅವಳು.

"ಸುಳ್ಳು ಹೇಳಿ ಹಡಗು ಹತ್ತಿದವನಿಗೆ ನನ್ನಲ್ಲಿ ಯಾವ ಕೆಲಸವೂ ಇಲ್ಲ. ನೀನೂ ಎರಡು ದಿನ ಬಾಯಿ ಮುಚ್ಕೊಂಡಿದ್ದೆ. ಅದು ನೆನಪಿರುತ್ತೆ ನಂಗೆ. ಹೊರಡೋವರೆಗೂ ಕೆಳಗಿಳೀಬೇಡ."

ಅವಳು ಹಲಗೆಯ ಮೇಲ್ತುದಿಯವರೆಗೆ ಹಿಂಬಾಲಿಸಿದಳು. ಅವನು ಬುಟ್ಟಿಯಿಂದ ತನ್ನ ಚಪ್ಪಲಿ ಎತ್ತಿಕೊಂಡು ಮೆಟ್ಟಿದ. ಜೆಟ್ಟಿಯ ತುಂಬ ಸುದ್ದಿ ಹಬ್ಬಲು ಒಂದು ಸಂಜೆ ಸಾಕು, ಇನ್ನು ಯಾವ ಬುಟ್ಟಿಯೂ ಅವನನ್ನು ಕರೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಒಂದ್ಸಲ ಕಣ್ಣೆತ್ತಿದ್ರೆ ಸಾಕಿತ್ತು," ಎಂದ.

"ಅದಕ್ಕೇ ಎತ್ತಲಿಲ್ಲ."

"ನನ್ನ ಮೇಲೆ ಪ್ರೀತಿ ಇತ್ತಾ ನಿಂಗೆ?"

"ಇದೆ," ಎಂದಳು. "ಇತ್ತು ಅನ್ಬೇಡ."

ಅವನು ಜೆಟ್ಟಿಯುದ್ದಕ್ಕೂ ನಡೆದ. ತಿರುಗಿ ನೋಡಿಯಾನು ಎಂದು ಅವಳು ಕಾದಳು. ನೋಡಲಿಲ್ಲ.

ಬೆಳಗ್ಗೆ ಹಗ್ಗ ಬಿಚ್ಚಿದರು. ಕೆಲಸಗಾರರ ಮನೆಯಲ್ಲೇ ಉಳಿದಿದ್ದ ಅವಳ ಚೀಲವನ್ನು ಯಾರೋ ಬುಟ್ಟಿಯ ಪಕ್ಕ ಇಟ್ಟು ಹೋದರೆಂದೂ, ತಾನದನ್ನು ಕೆಳಗೆ ಅವಳ ಮಂಚದ ಮೇಲೆ ಹಾಕಿದ್ದೇನೆಂದೂ ಡೆಕ್‌ನ ಮೇಸ್ತ್ರಿ ಹೇಳಿದ. ಅವಳು ಕಿಟಕಿಯ ಗಾಜಿಗೆ ಹಣೆ ಹಚ್ಚಿ ಜೆಟ್ಟಿಯನ್ನೆಲ್ಲ ಹುಡುಕಿದಳು. ಬಿಳಿ ಶರಟು ತೊಟ್ಟು, ಸಿ.ವಿ. ಹಿಡಿದು ನಡೆಯುವ ಹೊಸಬರು ಹತ್ತಾರು ಮಂದಿ ಕಂಡರು. ಅವನಿರಲಿಲ್ಲ. ನೆಲ ಕಾಣದಾಗುವವರೆಗೂ ಅವಳು ಲೋಟ ಒರೆಸುತ್ತಲೇ ಇದ್ದಳು.

ಮಧ್ಯಾಹ್ನ ಬಟ್ಟೆ ಬದಲಿಸಲು ಕೆಳಗೆ ಹೋದಳು. ಮಂಚದ ಮೇಲಿದ್ದದ್ದು ಕೆಂಪು ಚೀಲ.

ಮೇಸ್ತ್ರಿಗೆ ತಿಳಿಯಲಿಲ್ಲ, ಸರಿ. ಅವನು? ಅವಸರದಲ್ಲಿ ತಪ್ಪಿದನೇ? ಅವಳು ಹಿಡಿಕೆಯನ್ನು ಹಿಡಿದು, ಈ ತುದಿಯಿಂದ ಆ ತುದಿಗೆ ಬೆರಳಾಡಿಸಿದಳು. ಗಂಟಿರಲಿಲ್ಲ. ಕಣ್ಣು ತಪ್ಪಬಹುದು, ಆ ಬೆರಳುಗಳು ತಪ್ಪುವುದಿಲ್ಲ.

ಜಿಪ್ ಎಳೆದಳು. ಡೆಕ್ ಚಾಕು. ಅವನು ಇನ್ನೆಂದೂ ಬಳಸದ ಕೈಗವಸು. ಗಂಟು ಕಲಿಯುತ್ತಿದ್ದ ಹಗ್ಗದ ತುಂಡು. ತಳದಲ್ಲಿ ಅಕ್ಕ ಹೊಲಿದ ಎರಡು ಶರಟು. ತನ್ನ ಸಮುದ್ರವನ್ನೆಲ್ಲ ಕಟ್ಟಿ ಅವಳಿಗೆ ಕೊಟ್ಟುಬಿಟ್ಟಿದ್ದ. ಅವಳ ಬಟ್ಟೆಬರೆ, ಅಮ್ಮನ ಫೋಟೋ, ಎಲ್ಲ ಅವನ ಹತ್ತಿರ ಉಳಿದಿತ್ತು. ಅವಳು ಶರಟುಗಳಲ್ಲಿ ಮುಖ ಹುದುಗಿಸಿ, ಸದ್ದು ಹೊರಗೆ ಹೋಗದಂತೆ ಅತ್ತಳು.

ಆಮೇಲೆ ಎದ್ದು ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿದಳು. ಶರಟು ಅವಳಿಗೆ ದೊಡ್ಡದು. ತೋಳುಗಳನ್ನು ಎರಡು ಮಡಿಕೆ ಮೇಲೆ ಮಡಿಸಿದಳು. ಡೆಕ್‌ಗೆ ಹೋಗಿ ಮೇಸ್ತ್ರಿಯ ಕೈಗೆ ಫೋನ್ ಕೊಟ್ಟು, ಹಿಂದೆ ಬರೀ ನೀರು ಕಾಣುವ ಕಡೆ ನಿಂತಳು.

"ಒಂದು ಫೋಟೋ ತೆಗೀರಿ," ಎಂದಳು. "ಶರಟು ಚೆನ್ನಾಗಿ ಕಾಣ್ಬೇಕು. ಅವರ ಅಕ್ಕನಿಗೆ ಕಳಿಸ್ಬೇಕು."